ಬಾಗಿಲು ದಕ್ಷಿಣಕ್ಕೇ ಇರಲಿ

ಮಕ್ಕಳೇ, ನಿಮ್ಮ ಅಜ್ಜ ಮಾಡಿದ ಗಾಡಿಮನೆಯನ್ನು ಯಾಕಿನ್ನೂ ಇಟ್ಟುಕೊಂಡಿದ್ದೀಯೆಂದು ಕೇಳುತ್ತೀರಲ್ಲ, ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊನ್ನಾವರದಲ್ಲಿ ಅಜ್ಜನ ವೆಲ್ಡಿಂಗ್ ಶೆಡ್ ಇತ್ತು. ಅಲ್ಲಿ ಉಳಿದ ಕಬ್ಬಿಣ, ಹಳೆಯ ಎರಡು ಚಕ್ರ, ಮೇಲೊಂದು ತಗಡಿನ ಗೂಡು. ಒಳಗೆ ಇಬ್ಬರಿಗೆ ಮಂಚ, ಒಂದು ಒಲೆ, ನೀರಿನ ಎರಡು ಕ್ಯಾನು. ಅದನ್ನು ಜೀಪಿನ ಹಿಂದೆ ಸಿಕ್ಕಿಸಿಕೊಂಡು, ಯಾರೂ ಇಲ್ಲದ ಕಡೆ ಹೋಗಿ ನಾಲ್ಕು ದಿನ ಇರುತ್ತಿದ್ದೆವು. ಬರೀ ಸುಖ ಎಂದುಕೊಳ್ಳಬೇಡಿ. ಕುಮಟೆಯ ಗುಡ್ಡದಲ್ಲಿ ಮಂಗ ಅಕ್ಕಿ ಡಬ್ಬಿಯನ್ನೇ ಹೊತ್ತೊಯ್ದಿತ್ತು. ಇಡಗುಂಜಿ ದಾಟಿ ಕಾಡಿನ ಅಂಚಿನಲ್ಲಿ ನಿಂತಾಗ ನೀರು ಮುಗಿದು, ಎರಡು ಮೈಲಿ ದೂರದಿಂದ ಕೊಡ ಹೊತ್ತು ತಂದೆ. ರಸ್ತೆಯ ಕುಲುಕಾಟಕ್ಕೆ ಉಪ್ಪಿನಕಾಯಿ ಭರಣಿ ಮಗುಚಿ, ಹಾಸಿಗೆ ತಿಂಗಳಿಡೀ ಮಾವಿನಮಿಡಿಯ ವಾಸನೆ ಹೊಡೆಯಿತು. ಆದರೆ ಅಲ್ಲಿ ಬೆಳಗಿನ ಚಾ ಅಜ್ಜನೇ ಮಾಡುತ್ತಿದ್ದರು. ನಾನು ಕೂತು ಕುಡಿಯುತ್ತಿದ್ದೆ.

ಅಜ್ಜ ತೀರಿಹೋಗಿ ವರ್ಷಾಂತಿಕ ಮುಗಿದ ಮರುವಾರ, ಮತ್ತೆ ಹೋಗೋಣ ಎಂದು ನಿಮ್ಮ ಅಮ್ಮನಿಗೆ ಹೇಳಿದೆ. ಅಜ್ಜನ ಅಣ್ಣ, ನಿಮ್ಮ ದೊಡ್ಡಜ್ಜ, ಕೇಳಿ ಕಿಡಿಕಿಡಿಯಾದರು. ಗಂಡಸರಿಲ್ಲದೆ ಹೆಂಗಸರಿಬ್ಬರು ಬಯಲಲ್ಲಿ ಹೋಗಿ ಇರುವುದೆಂದರೇನು, ಹೆಬಳೆ ಊರಿನವನೊಬ್ಬ ಕಬ್ಬಿನಹಾಲಿನ ಅಂಗಡಿ ಮಾಡಲು ಗಾಡಿ ಕೇಳುತ್ತಿದ್ದಾನೆ, ಕೊಟ್ಟುಬಿಡುವ ಎಂದರು. ನಿಮ್ಮ ಅಮ್ಮ ಹಟ ಹಿಡಿದಾಗ ಷರತ್ತು ಹಾಕಿದರು. ಒಂದು ಸಲ ಹೋಗಿ ಬನ್ನಿ, ಆದರೆ ಸಹಾಯಕ್ಕೆ ನನಗೊಂದು ಫೋನ್ ಬಂದರೂ ಗಾಡಿ ಹೆಬಳೆಗೆ ಹೋಯಿತೆಂದೇ ತಿಳಿಯಿರಿ.

ತೆಂಗಿನಗುಂಡಿಯ ಕಡಲದಂಡೆಯಲ್ಲಿ, ಜನವಸತಿಯಿಂದ ತುಸು ದೂರ, ಗಾಳಿಮರಗಳ ಕೆಳಗೆ ಗಟ್ಟಿನೆಲ ಸಿಕ್ಕಿತು. ಇಳಿದು ನೋಡಿದರೆ ಗಾಡಿಯ ಬಾಗಿಲು ದಕ್ಷಿಣಕ್ಕೆ. ಯಮನ ದಿಕ್ಕೆಂದು ದಕ್ಷಿಣದ ಬಾಗಿಲಿಗೆ ನಾನೆಂದೂ ರಂಗೋಲಿ ಇಟ್ಟವಳಲ್ಲ. ಅಜ್ಜ ಎಲ್ಲಿ ನಿಲ್ಲಿಸಿದರೂ ಪೂರ್ವಕ್ಕೆ ತಿರುಗಿಸಿ ಕೊಡುತ್ತಿದ್ದರು. ತಿರುಗಿಸು ಎಂದೆ. ಮರಗಳ ನಡುವೆ ಜಾಗ ಸಾಲದು ಎಂದಳು ಜೀಪು ಓಡಿಸುತ್ತಿದ್ದ ನಿಮ್ಮ ಅಮ್ಮ. ಹಾಗಾದರೆ ಮರಳಿಗಿಳಿಸಿ ತಿರುಗಿಸು ಎಂದೆ. ಇಳಿಸಿದಳು. ಗಾಡಿಯ ಚಕ್ರ ಅಚ್ಚಿನವರೆಗೂ ಹೂತುಹೋಯಿತು. ಅಮಾವಾಸ್ಯೆಯ ಮರುದಿನ ಬೇರೆ, ಉಬ್ಬರದ ನೀರು ಏರುತ್ತಿತ್ತು.

“ಆಯಿ, ದೊಡ್ಡಪ್ಪಂಗೆ ಫೋನ್ ಮಾಡ್ತೆ.”

ನಾನು ಫೋನ್ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ. “ಮಾಡೂದು ಬೇಡ. ಕೊಂಡಿ ಬಿಚ್ಚು.”

ಅವಳು ಜೀಪನ್ನು ಗಟ್ಟಿನೆಲಕ್ಕೆ ಹತ್ತಿಸಿ, ಅಲ್ಲಿಂದ ಗಾಡಿಗೆ ಹಗ್ಗ ಕಟ್ಟಿದಳು. ನಾನು ಗಾಡಿಯೊಳಗಿನದನ್ನೆಲ್ಲ ಹೊರಗೆ ಹೊತ್ತು ಹಾಕಿದೆ. ಕ್ಯಾನು, ಪಾತ್ರೆ, ಮಂಚದ ಹಲಗೆ. ಆಮೇಲೆ ತಟ್ಟೆಯಿಂದ ಮರಳು ತೋಡತೊಡಗಿದೆ. ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಎಂತ ಅಮ್ಮಾ, ಮನೆನೇ ಸಮುದ್ರಕ್ಕೆ ಬಿಡೂಕೆ ತಂದ್ರ್ಯಾ?”

ಪರಿಚಯವಿಲ್ಲದವರ ಮುಖ ನೋಡಿ ಮಾತಾಡುವವಳಲ್ಲ ನಾನು. ಆದರೆ ಅಲೆ ಕಾಲಿಗೆ ತಾಗುತ್ತಿತ್ತು. ತೆಂಗಿನ ಮಡಲಿದ್ದರೆ ಕೊಡು ಎಂದೆ. ಗದ್ದೆಯ ಕೆಸರಲ್ಲಿ ಎತ್ತಿನಗಾಡಿ ಹೂತರೆ ನನ್ನ ಅಪ್ಪ ಚಕ್ರದ ಮುಂದೆ ಈ ಒಣಗರಿಗಳನ್ನು ಅಡ್ಡಡ್ಡ ಹಾಸುತ್ತಿದ್ದರು. ಆಕೆ ಎರಡು ಹೊರೆ ಎಳೆದು ತಂದಳು. ಬಾಗಿಲಿನ ದಿಕ್ಕು ಬದಲಿಸಲು ಹೋಗಿ ಹೂತಿತೆಂದು ನಿಮ್ಮ ಅಮ್ಮ ಗೊಣಗಿದ್ದು ಕೇಳಿ ನಕ್ಕಳು. “ನಮ್ಮನೆ ಬಾಗ್ಲು ಸಮುದ್ರಕ್ಕೇ ಮುಖ ಮಾಡ್ಕಂಡದೆ. ನಾವೆಂತ ಸತ್ತೇ ಹೋಗಿದ್ವಾ?”

ಮೊದಲ ಸಲ ಜೀಪು ಹಗ್ಗ ಎಳೆದಾಗ ಚಕ್ರ ಮಡಲಿನ ಮೇಲೆ ಹತ್ತದೆ ಅದನ್ನೇ ಮುಂದಕ್ಕೆ ತಳ್ಳಿತು. ಇನ್ನಷ್ಟು ತೋಡಿ, ದಪ್ಪಗೆ ಹಾಸಿ, ಮೊಣಕಾಲುದ್ದದ ನೀರಲ್ಲಿ ನಿಂತು ಆಕೆಯೂ ನಾನೂ ಹಿಂದಿನಿಂದ ನೂಕಿದೆವು. ಗಾಡಿ ಕೊಸರಿಕೊಂಡು ಮೇಲೆ ಬಂತು.

ಮೊದಲಿನ ಜಾಗದಲ್ಲೇ ನಿಲ್ಲಿಸಿ ಮೂರು ದಿನ ಇದ್ದೆವು. ದಕ್ಷಿಣದ ಬಾಗಿಲಿಗೇ ರಂಗೋಲಿ ಇಟ್ಟೆ. ಏಡಿ ಅದನ್ನು ತುಳಿದು ಓಡಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಮನೆಗೆ ಬಂದಾಗ ದೊಡ್ಡಜ್ಜ ಜಗಲಿಯಲ್ಲೇ ಕೂತಿದ್ದರು. ಏನಾದರೂ ಆಯಿತೇ ಎಂದು ನಿಮ್ಮ ಅಮ್ಮನನ್ನು ಕೇಳಿದರು. ನನ್ನ ಕಾಲದಲ್ಲಿ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಕ್ರಮವಿರಲಿಲ್ಲ. ಅಂದು ಅಂಗಳದಲ್ಲೇ ನಿಂತೆ.

“ಚಕ್ರ ಹೂತಿತ್ತು ಭಾವ. ತಪ್ಪು ನಂದೇ. ನಾವೇ ತೆಗೆದ್ವು. ಗಾಡಿ ಕೊಡೂದಿಲ್ಲ.”

“ಮುಳುಗಿದ್ರೆ ಎಂತ ಮಾಡ್ತಿದ್ದೆ?”

“ಮುಳುಗಿದ್ರೂ ನಂದೇ.”

ಅವರು ಹೆಗಲ ಮೇಲಿನ ಪಂಚೆ ಕೊಡವಿ ಎದ್ದು ಹೋದರು. ಆ ಸಿಟ್ಟು ಈಗಲೂ ಇಳಿದಿಲ್ಲ. ಇರಲಿ.