ದಾವಲಸಾಬರ ಬಿಸಿ ಬ್ರೆಡ್ಡು

ನಮ್ಮ ಶ್ರಾವಣಿ ಆರಾಮಾದಳು! ಬೆಳಗಾವಿಯ ಡಾಕ್ಟರರು ಇವತ್ತು ಅವಳ ಎದೆ ಪರೀಕ್ಷೆ ಮಾಡಿ, "ಇನ್ನು ಗುಳಿಗೆ ಬೇಡ, ಖೊಖೊ ಆಡಲಿ, ಓಡಲಿ" ಎಂದರು. ಹುಟ್ಟುವಾಗಲೇ ಎದೆಯಲ್ಲಿ ತೂತಿದ್ದ ಮೊಮ್ಮಗಳು. ಆಪರೇಶನ್ ಆಗಿ ಎರಡು ವರ್ಷ, ಈಗ ಹನ್ನೊಂದು ತುಂಬಿದೆ. ಡಾಕ್ಟರರ ಮಾತು ಕೇಳಿ ನಾನು ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಅತ್ತೆ, ನಕ್ಕೆ, ಎದುರು ಬಂದ ನರ್ಸಮ್ಮನ ಬಾಯಿಗೆ ಚೀಲದಲ್ಲಿದ್ದ ಬೆಲ್ಲದ ಚೂರು ಹಾಕಿಯೇ ಬಿಟ್ಟೆ.

ಈ ಸುದ್ದಿಯನ್ನು ಮೊದಲು ಕೇಳಬೇಕಾಗಿದ್ದ ಮನುಷ್ಯ ಮಾತ್ರ ಈಗಿಲ್ಲ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ಬೇಕರಿ ಇಟ್ಟಿದ್ದ ದಾವಲಸಾಬರು.

ದಾವಲಸಾಬರದು ಒಂದು ಚಾಳಿ. ಬಿಸ್ಕೀಟು ಕೇಳಿದರೆ ಬಿಸ್ಕೀಟು, ಗರಿಗರಿ ಪದರಿನ ಖಾರಿ ಕೇಳಿದರೆ ಖಾರಿ ಸುಮ್ಮನೆ ಕೊಡುತ್ತಿದ್ದರು. ಬ್ರೆಡ್ಡು ಕೇಳಿದಿರೋ, ಕೈ ಅಲ್ಲೇ ನಿಲ್ಲುತ್ತಿತ್ತು. ಕನ್ನಡಕದ ಮೇಲಿಂದ ನೋಡಿ, "ಯಾರಿಗೆ ಆರಾಮಿಲ್ರೀ?" ಎನ್ನುತ್ತಿದ್ದರು. ಜ್ವರವೆಂದರೆ ಎಷ್ಟು ದಿನದ್ದು, ಕಾಮಾಲೆಯೆಂದರೆ ಯಾವ ಊರಿನ ಔಷಧ, ಬಾಣಂತಿಯೆಂದರೆ ಗಂಡೋ ಹೆಣ್ಣೋ, ಎಲ್ಲ ಕೇಳಿಕೊಂಡ ಮೇಲೆಯೇ ಬ್ರೆಡ್ಡು ಚೀಲಕ್ಕೆ ಬೀಳುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮೈ ಕಾದಿದೆ ಎನ್ನುವುದು ಡಾಕ್ಟರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ತಪ್ಪು ಅವರದಲ್ಲ. ಬ್ರೆಡ್ಡು ಇಂಗ್ಲಿಷ್ ಮಂದಿಯ ಮಾತು. ಅವರಿಗೆ ಅದು ದಿನದ ಊಟ, ನಮಗೆ ರೊಟ್ಟಿ ಇದ್ದಂತೆ. ನಮ್ಮ ಕಡೆಗೆ ಬರುವಾಗ ಅದು ದವಾಖಾನೆಯ ಬಾಗಿಲಿನಿಂದ ಬಂತು. ರೊಟ್ಟಿ ಅರಗದವರಿಗೆ ಹಾಲಿನಲ್ಲಿ ಅದ್ದಿ ಕೊಡುವುದು ಬ್ರೆಡ್ಡು. ಆರಾಮಿಲ್ಲದವರನ್ನು ಮಾತನಾಡಿಸಲು ಹೋಗುವಾಗ ಬಾಳೆಹಣ್ಣಿನ ಜೊತೆ ಒಯ್ಯುವುದು ಬ್ರೆಡ್ಡು. ನಾಲ್ಕನೇ ಇಯತ್ತೆ ಓದಿದ ನನಗೂ ಅದರ ಅರ್ಥ ಅಷ್ಟೇ ಗೊತ್ತಿತ್ತು.

ದಾವಲಸಾಬರಿಗೆ ಇದೊಂದು ಸಂಕಟ. ಹರೆಯದಲ್ಲಿ ಗೋವಾದ ಬ್ರೆಡ್ಡಿನ ಭಟ್ಟಿಯಲ್ಲಿ ದುಡಿದು ಕೆಲಸ ಕಲಿತವರು ಅವರು. "ಅಲ್ಲಿ ನಸೀಕಲೇ ಸೈಕಲ್ ಮ್ಯಾಲೆ ಬ್ರೆಡ್ ಬರತೈತ್ರಿ ಅಕ್ಕಾರ. ಗಟ್ಟಿಮುಟ್ಟ ಮಂದಿ ಓಡಿಬಂದು ತಗೋತಾರ. ಅಲ್ಲಿ ಬ್ರೆಡ್ ಅಂದ್ರ ಹಸಿವಿ, ಇಲ್ಲಿ ಬ್ರೆಡ್ ಅಂದ್ರ ಜ್ವರ" ಎನ್ನುತ್ತಿದ್ದರು.

ಒಮ್ಮೆ ನನಗೇ ಆಸೆಯಾಯಿತು. ಸಂತೆ ಮುಗಿಸಿ ಬರುವಾಗ ಒಂದು ಬ್ರೆಡ್ಡು ಕೇಳಿದೆ.

"ಯಾರಿಗೆ ಆರಾಮಿಲ್ರೀ?"

"ಯಾರಿಗೂ ಏನೂ ಆಗಿಲ್ರಿ ದಾವಲಣ್ಣಾ. ಚಾದಾಗ ಅದ್ದಿಕೊಂಡು ತಿನಬೇಕಂತ ನನಗ ಆಸೆ ಆಗೇತಿ."

ಅವರು ಎದ್ದು ನಿಂತು ಸಲಾಮು ಹೊಡೆದರು. "ಬಾಯಿ ರುಚಿಗೆ ಬ್ರೆಡ್ ಕೇಳಿದವ್ರು ಈ ಅಂಗಡ್ಯಾಗ ನೀವ ಮೊದಲ್ನೇದವ್ರು ಅಕ್ಕಾರ!"

ತೊಡೆಯ ಮೇಲೆ ಬ್ರೆಡ್ಡು ಇಟ್ಟುಕೊಂಡು ಬಸ್ಸಿನಲ್ಲಿ ನಮ್ಮೂರು ಸಂಪಗಾಂವಕ್ಕೆ ಬಂದೆ. ಒಲೆಯ ಮೇಲೆ ಚಹಾ ಕುದಿಯುವ ಮೊದಲೇ ನೆರೆಮನೆಯ ನೀಲವ್ವ ಒಂದು ಡಜನ್ ಬಾಳೆಹಣ್ಣು ಹಿಡಿದು ಓಡಿಬಂದಳು. ಹಿಂದೆ ಇನ್ನಿಬ್ಬರು, ಅವರ ಕೈಯಲ್ಲಿ ಎಳನೀರು.

"ಏನಾಗೇತಬೇ ಯಕ್ಕಾ? ಬಸ್ಸಿನಾಗ ನಿನ್ನ ತೊಡಿಮ್ಯಾಲೆ ಬ್ರೆಡ್ ಇತ್ತಂತ!"

"ನಾ ಆರಾಮದೇನಿ."

"ಎಲ್ಲಾರೂ ಹಂಗ ಅಂತಾರ. ಸುಮ್ನ ಮಲಕೋ" ಎಂದು ಕೈಹಿಡಿದು ಮಲಗಿಸಿಯೇ ಬಿಟ್ಟಳು. ಚಹಾ ಉಕ್ಕಿಹೋಯಿತು. ಬ್ರೆಡ್ಡನ್ನು ನನ್ನನ್ನು ನೋಡಲು ಬಂದವರೇ ಮುಗಿಸಿದರು.

ಮುಂದಿನ ಸಂತೆಗೆ ಹೋದಾಗ ಇದನ್ನು ಹೇಳಿದರೆ ದಾವಲಸಾಬರು ಹಣದ ಗಲ್ಲೆಯ ಮೇಲೆ ತಲೆಯಿಟ್ಟು ನಕ್ಕರು.

ಶ್ರಾವಣಿಯನ್ನು ಬೆಳಗಾವಿಗೆ ತೋರಿಸಲು ಒಯ್ಯುವಾಗಲೆಲ್ಲ ಅವರ ಅಂಗಡಿಯೇ ನಮ್ಮ ದಾರಿ. ಎಂಟು ವರ್ಷದವಳಿದ್ದಾಗ ಒಂದು ದಿನ ಅವಳು ಬ್ರೆಡ್ಡು ನೋಡಿ ಮೂಗು ಮುಚ್ಚಿಕೊಂಡಳು. "ನಂಗ ಬ್ಯಾಡ ಅಜ್ಜಾ. ಅದು ದವಾಖಾನಿ ನಾರತೈತಿ."

ನಾನು ಅವಳ ತೊಡೆ ಚಿವುಟಿದೆ. ದಾವಲಸಾಬರು ಸಿಟ್ಟಾಗಲಿಲ್ಲ. ಬ್ರೆಡ್ಡನ್ನು ತಿರುಗಿ ಕಪಾಟಿನಲ್ಲಿಟ್ಟು, ಹೊರಗೆ ಬಂದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

"ಖರೇ ಹೇಳಿದಿ ಯವ್ವಾ. ಇನ್ನ ಮ್ಯಾಲೆ ನಿನಗ ಬ್ರೆಡ್ ಕೊಡಂಗಿಲ್ಲ. ನೀ ಪೂರಾ ಆರಾಮಾದ ದಿವಸ ಬಾ. ಭಟ್ಟಿಯಿಂದ ತಗದದ್ದು ಬಿಸಿಬಿಸಿ ಕೊಡತೇನಿ. ಅದರ ವಾಸನಿ ಅವತ್ತ ನೋಡಿ ಹೇಳು."

ಅಂದಿನಿಂದ ಅವಳಿಗೆ ಖಾರಿಯಷ್ಟೇ. ಆಪರೇಶನ್ ಆದ ಮೇಲೆ, ಡಾಕ್ಟರರು ಮೆತ್ತಗಿನದು ಕೊಡಿ ಎಂದಿದ್ದಾರೆ ಎಂದು ನಾನು ಬೇಡಿಕೊಂಡರೂ ಕೊಡಲಿಲ್ಲ. "ಅನ್ನ ಕಿವುಚಿ ತಿನ್ನಸ್ರಿ. ನಾ ಮಾತ ಕೊಟ್ಟೇನಿ."

ಹೋದ ಮಳೆಗಾಲದಲ್ಲಿ ಕಂಡಾಗ ಅವರೇ ಬತ್ತಿಹೋಗಿದ್ದರು. ಆ ದಿನ ನಾನೇ ಕೇಳಿದೆ: "ದಾವಲಣ್ಣಾ, ನಿಮಗ ಆರಾಮಿಲ್ಲೇನು?"

"ನನಗ ಆರಾಮಿಲ್ಲಂದ್ರ ಬಂದವ್ರು ಏನ ತರಬೇಕ್ರಿ? ಮನಿ ತುಂಬ ಬ್ರೆಡ್ಡ ಐತಿ!" ಎಂದು ನಕ್ಕರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಇವತ್ತು ಬೆಳಗಾವಿಯಿಂದ ಬಂದು ಬೈಲಹೊಂಗಲದಲ್ಲಿ ಇಳಿದದ್ದೇ ಶ್ರಾವಣಿ ಓಡಿದಳು. ಅವಳು ಓಡುವುದನ್ನು ನಾನು ಕಣ್ತುಂಬ ನೋಡಿದೆ. ಗಲ್ಲೆಯ ಮೇಲೆ ದಾವಲಸಾಬರ ಮಗಳು ಹಸೀನಾ ಕುಳಿತಿದ್ದಳು. ಶ್ರಾವಣಿ ಏದುಸಿರು ಬಿಡುತ್ತ ಬ್ರೆಡ್ಡು ಕೇಳಿದಳು.

"ಯಾರಿಗೆ ಆರಾಮಿಲ್ಲ ಯವ್ವಾ?" ಅಪ್ಪನದೇ ದನಿ.

"ಯಾರಿಗೂ ಏನೂ ಆಗಿಲ್ರಿ. ನಾ ಆರಾಮಾಗೇನಿ!"

ಹಸೀನಾ ಅವಳನ್ನು ದಿಟ್ಟಿಸಿ ನೋಡಿದಳು. "ಖಾರಿ ಶ್ರಾವಣಿ ಏನ ನೀನು? ನಮ್ಮ ಅಬ್ಬಾ ಹೇಳಿ ಹೋಗ್ಯಾರ" ಎಂದವಳೇ ಒಳಗೆ ಹೋದಳು. ನಾವು ಭಟ್ಟಿ ತೆಗೆಯುವ ತನಕ ಕಾದೆವು. ಹಳೆಯ ಟಾವೆಲ್ಲಿನಲ್ಲಿ ಸುತ್ತಿ ತಂದುಕೊಟ್ಟಳು. "ಚಾಕು ಹಚ್ಚಬ್ಯಾಡ್ರಿ. ರೊಟ್ಟಿ ಮುರದಂಗ ಕೈಲೆ ಮುರೀರಿ."

ಶ್ರಾವಣಿ ಟಾವೆಲ್ಲಿಗೆ ಮೂಗು ಹಚ್ಚಿದಳು. "ಅಜ್ಜೀ, ಇದು ಹಸಿವಿ ವಾಸನಿ!"

ಸಂಜೆ ಮಗ, ಸೊಸೆ, ಶ್ರಾವಣಿ, ನಾನು ಪಡಸಾಲೆಯಲ್ಲಿ ಸುತ್ತ ಕುಳಿತು, ಇನ್ನೂ ಬೆಚ್ಚಗಿದ್ದ ಬ್ರೆಡ್ಡು ಮುರಿದು, ಶೇಂಗಾ ಚಟ್ನಿ ಮತ್ತು ತುಪ್ಪ ಹಚ್ಚಿಕೊಂಡು ತಿಂದೆವು. ಅಷ್ಟರಲ್ಲಿ ಬಾಗಿಲಲ್ಲಿ ನೀಲವ್ವ, ಕೈಯಲ್ಲಿ ಬಾಳೆಹಣ್ಣು.

"ಬ್ರೆಡ್ ತಂದೀರಂತ. ಯಾರಿಗೆ ಆರಾಮಿಲ್ಲಬೇ?"

"ಎಲ್ಲಾರೂ ಆರಾಮದೇವಿ, ಅದಕ್ಕ ತಿನ್ನಾಕತ್ತೇವಿ. ಬರ್ರಿ, ಕುಂಡ್ರಿ" ಎಂದಳು ಶ್ರಾವಣಿ, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡೇ.

ನೀಲವ್ವ ಬಾಳೆಹಣ್ಣು ನಡುವೆ ಇಟ್ಟು, ಸೆರಗು ಸರಿಮಾಡಿಕೊಂಡು ಕುಳಿತಳು. ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

"ಏನಬೇ ಇದು," ಎಂದಳು, "ಆರಾಮಿದ್ದಾಗ ಇಷ್ಟು ರುಚಿ ಇರತೈತೇನು?"