ಬೇಲಿಯಾಚೆಯ ಟೀ

ತೊಂಬತ್ತರ ದಶಕ. ನಾನಾಗ ಚಳ್ಳಕೆರೆ ತಾಲ್ಲೂಕಿನಲ್ಲಿ ನರ್ಸು. ಗೊಲ್ಲರಹಟ್ಟಿಯೊಂದರ ಬೇಲಿಯಾಚೆ, ಹೆರಿಗೆಯ ಸೂತಕ ಕಳೆಯುವವರೆಗೆ ಇರಿಸುವ ಗುಡಿಸಲಲ್ಲಿ ಬಾಣಂತಿ ಜ್ವರದಲ್ಲಿ ಬೇಯುತ್ತಿದ್ದಳು. ಅವಳ ಅತ್ತೆ ದೂರದಲ್ಲೇ ನಿಂತು ಕೇಳಿದರು:

"ಯಾವ ಜನದೋಳವ್ವ ನೀನು?"

"ಎಸ್ಸಿ ಕಾಲೋನಿಯೋಳು" ಅಂದೆ. ವಾಪಸ್ ಕಳಿಸುತ್ತಾರೆ ಅಂದುಕೊಂಡೆ.

"ಒಳ್ಳೇದಾತು ಬಿಡು. ನಾವು ಅವಳ್ನ ಮುಟ್ಟಂಗಿಲ್ಲ, ನೀನಾದ್ರೂ ಮುಟ್ಟು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಜೀಪಿಗೆ ಹತ್ತಿಸ್ಬೇಕು, ನನ್ನೊಬ್ಬಳ ಕೈಲಾಗಲ್ಲ. ನೀವೂ ಕೈ ಹಾಕ್ರವ್ವ" ಅಂದೆ.

ಆಯಮ್ಮ ಹಟ್ಟಿಯ ದೇವರ ಗುಡಿಯ ಕಡೆ ಒಮ್ಮೆ ನೋಡಿದರು. ಸೆರಗು ಸಿಕ್ಕಿಸಿಕೊಂಡು ಬಂದು ಸೊಸೆಯನ್ನು ಎತ್ತಿಯೇಬಿಟ್ಟರು.

ಆಸ್ಪತ್ರೆ ಸೇರಿ ತಾಯಿ, ಮಗು ಇಬ್ಬರೂ ಉಳಿದರು. ಹಟ್ಟಿಗೆ ವಾಪಸ್ ಬಂದ ಮೇಲೆ, ಮುಟ್ಟಿದ ತಪ್ಪಿಗೆ ಆಯಮ್ಮನೂ ಸೊಸೆಯ ಜೊತೆ ಗುಡಿಸಲಲ್ಲೇ ಇರಬೇಕಾಯಿತು. ನೋಡಲು ಹೋದಾಗ ತಮ್ಮ ಲೋಟದಲ್ಲೇ ನನಗೆ ಟೀ ಕೊಟ್ಟರು. ಆ ಟೀಯ ಋಣ ದೊಡ್ಡದು. ಆಯಮ್ಮ ಬೇಲಿಯೊಳಗೆ ಇದ್ದಿದ್ದರೆ ಆ ಲೋಟ ನನ್ನ ತುಟಿವರೆಗೆ ಬರುತ್ತಿತ್ತೋ ಇಲ್ಲವೋ!