ಕಂಪ್ಯೂಟರಿಗೆ ನೆನಪು ಹೆಣೆದವಳು

ಈಗಷ್ಟೇ ಬೆಳಕು ಹರಿಯುತ್ತಿದೆ. ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಯಲ್ಲಿ ಒಂದು ಮೇಜುದೀಪ, ಒಂದು ಭೂತಗನ್ನಡಿ, ಅದರ ಮೇಲೆ ಬಗ್ಗಿದ ನರೆತ ತಲೆ. ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಉಂಗುರಗಳು ಅಂಗೈಯಗಲದ ಹಲಗೆಯ ಮೇಲೆ ಸಾಲುಸಾಲಾಗಿ ನಿಂತಿವೆ. ಕೂದಲಿನಂಥ ತಾಮ್ರದ ತಂತಿ ಒಂದೊಂದರ ಹೊಟ್ಟೆಯೊಳಗೂ ಹಾಯಬೇಕು. ಇಷ್ಟು ಬೆಳಗ್ಗೆಯೇ ಏಕೆಂದರೆ, ಬಸ್ಸುಗಳು ಓಡಾಡಲು ಶುರುವಾದರೆ ಮೇಜು ನಡುಗುತ್ತದೆ. ಕೈ ಜಾರಿದರೆ ಉಂಗುರ ಒಡೆಯುತ್ತದೆ. ಪತ್ರಿಕೆಯ ಕಡೆಯಿಂದ ನಾನು ಬಂದಿದ್ದೇನೆಂದು ಹೇಳಿದ್ದಕ್ಕೆ ಉತ್ತರ ಬರುವುದು ಸಾಲು ಮುಗಿದ ಮೇಲೆಯೇ. ಬಾಗಿಲ ಬಳಿಯ ಕುರ್ಚಿಯಲ್ಲಿ ಕಾಲು ಅಲ್ಲಾಡಿಸದೆ ಕೂರಬೇಕೆಂದು ಅಪ್ಪಣೆಯಾಗುತ್ತದೆ. ಕೂರುತ್ತೇನೆ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಸೂಜಿ ಅತ್ತೆ ಎಂದು. ದಿನಾ ಸ್ಕೂಟರಿನಲ್ಲಿ ತಂದು ಬಿಡುವ ಸೊಸೆ ಗೇಟಿನಿಂದಲೇ 'ಅತ್ತೇ, ಕನ್ನಡಕ' ಎಂದು ಕೂಗುತ್ತಾರೆ. ಅದನ್ನು ಕೇಳಿ ಕೇಳಿ ಕಾವಲುಗಾರನಿಗೂ ಇವರು ಅತ್ತೆ, ಎಂಜಿನಿಯರಿಗೂ ಅತ್ತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತು ಈ ಮನೆಯಲ್ಲಿ ನಡೆಯುವುದಿಲ್ಲ, ಎರಡೂ ಕಾಲ ಅತ್ತೆಯದೇ ಎಂದು ಸೊಸೆ ನಗುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ. ಕತ್ತು ಒಂದು ಕಡೆಗೆ ತಿರುಗುವುದಿಲ್ಲ. ಆ ಕಡೆಯಿಂದ ಮಾತಾಡಿಸಿದವರಿಗೆ ಇಡೀ ಮೈ ತಿರುಗಿಸಿ ಉತ್ತರ ಕೊಡುತ್ತಾರೆ, ಅದೂ ಮನಸ್ಸಿದ್ದರೆ.

ಅತ್ತೆಯ ಕೈಯಲ್ಲಿರುವುದು ಹಳೆಯ ಕಂಪ್ಯೂಟರೊಂದರ ನೆನಪು. ಸಿಲಿಕಾನ್ ಚಿಪ್‌ಗಳು ಬರುವ ಮುಂಚೆ ಕಂಪ್ಯೂಟರಿನ ನೆನಪೆಂದರೆ ಇದೇ: ಉಂಗುರ ಮತ್ತು ತಂತಿ. ತಂತಿಯಲ್ಲಿ ಕರೆಂಟು ಹಾಯಿಸಿದರೆ ಉಂಗುರದ ಕಾಂತ ಒಂದು ದಿಕ್ಕಿಗೆ ತಿರುಗುತ್ತದೆ, ಅದು ಒಂದು. ಇನ್ನೊಂದು ದಿಕ್ಕಿಗೆ ತಿರುಗಿದರೆ ಸೊನ್ನೆ. ಅಂಥ ಸಾವಿರಾರು ಉಂಗುರಗಳನ್ನು ಪೋಣಿಸುವುದು ಯಂತ್ರಗಳಿಗೆ ಸುಲಭಕ್ಕೆ ಬರಲಿಲ್ಲ, ಹೆಂಗಸರ ಬೆರಳಿಗೆ ಬಂತು. ಹೊಲಿಗೆ, ಕಸೂತಿ ಬಲ್ಲವರನ್ನು ಹುಡುಕಿ ಹುಡುಕಿ ಕಾರ್ಖಾನೆಗಳು ಸೇರಿಸಿಕೊಂಡವು.

ಅತ್ತೆ ಸೇರಿದ್ದೂ ಹಾಗೆಯೇ, ಮದುವೆಯಾದ ಹೊಸದರಲ್ಲಿ. ಉದ್ದನೆಯ ಕೋಣೆ, ಮುಚ್ಚಿದ ಕಿಟಕಿಗಳು, ಫ್ಯಾನ್ ಹಾಕುವಂತಿಲ್ಲ, ಹಾಕಿದರೆ ಉಂಗುರ ಹಾರುತ್ತದೆ. ಸೀನು ಬಂದರೆ ಎದ್ದು ಹೊರಗೆ ಓಡಬೇಕು. ತಮ್ಮ ಅತ್ತೆಗೆ ಕೆಲಸವೇನೆಂದು ಹೇಳಲು ಹೋಗಿ ಉಂಗುರಕ್ಕೆ ತಂತಿ ಹಾಕುತ್ತೇನೆ ಎಂದಿದ್ದಕ್ಕೆ, ಆ ಮುದುಕಿ ಕೊನೆಯವರೆಗೂ ಸೊಸೆ ಒಡವೆ ಅಂಗಡಿಯಲ್ಲಿದ್ದಾಳೆ ಎಂದೇ ನಂಬಿದ್ದರಂತೆ. ಒಂದಾದರೂ ತಂದು ತೋರಿಸೇ ಎಂದು ಕೇಳುತ್ತಿದ್ದರಂತೆ.

ಆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಮುಗಿದ ಹಲಗೆ ಪರೀಕ್ಷೆಯ ಮೇಜಿಗೆ ಹೋಗುತ್ತದೆ. ಕೆಂಪು ದೀಪ ಹತ್ತಿದರೆ, ಹೆಣೆದವಳು ಎಲ್ಲರೆದುರು ಎದ್ದು ನಿಂತು 'ನಂದು' ಎನ್ನಬೇಕು. ಆಮೇಲೆ ಅದನ್ನು ಅವಳೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಎಷ್ಟು ಸಲ ಎದ್ದು ನಿಂತಿದ್ದೀರಿ ಎಂದು ಕೇಳುತ್ತೇನೆ. ಅತ್ತೆ ಇಡೀ ಮೈ ನನ್ನ ಕಡೆ ತಿರುಗಿಸುತ್ತಾರೆ.

"ಬೇಕಾದಷ್ಟು ಸಲ. ಅದಕ್ಕೆ ನಾಚಿಕೆ ಇಲ್ಲ. ಹಸಿರು ದೀಪ ಹತ್ತಿದಾಗ ಎದ್ದು ನಿಲ್ಲು ಅಂತ ಯಾರೂ ಹೇಳಲಿಲ್ಲವಲ್ಲ, ಸಿಟ್ಟು ಅದಕ್ಕೆ."

ಸಿಟ್ಟು ನನಗೂ ಬರುತ್ತದೆ. ಈ ಮ್ಯೂಸಿಯಮ್ಮಿನ ಮುಂದಿನ ಹಜಾರದಲ್ಲಿ ಕಂಪ್ಯೂಟರ್ ಚರಿತ್ರೆಯ ಮಹನೀಯರು ಚಿತ್ರಗಳಾಗಿ ಗೋಡೆಯುದ್ದಕ್ಕೂ ನಿಂತಿದ್ದಾರೆ. ಲೆಕ್ಕ ಹಾಕಿದವರು, ನಕ್ಷೆ ಬರೆದವರು, ಕಾರ್ಖಾನೆ ಕಟ್ಟಿದವರು. ದೊಡ್ಡವರೇ, ಇಲ್ಲವೆನ್ನುವುದಿಲ್ಲ. ಆದರೆ ಅವರ ಯಂತ್ರಗಳೆಲ್ಲ ನೆನಪಿಟ್ಟುಕೊಂಡದ್ದು ಯಾರ ಬೆರಳಿನಿಂದ? ದುಡಿದವರು ಯಾರೋ, ಮೆರೆದವರು ಯಾರೋ. ನಿಮ್ಮ ಬಗ್ಗೆ 'ಎಲೆಮರೆಯ ಕಾಯಿ' ಎಂಬ ಅಂಕಣಕ್ಕೆ ಬರೆಯುತ್ತಿದ್ದೇನೆ ಎಂದು ಹೇಳಿದಾಗ ಅತ್ತೆಗೆ ಅದೂ ಹಿಡಿಸಲಿಲ್ಲ. ಕಾಯಿ ತಾನಾಗಿ ಹೋಗಿ ಅವಿತುಕೊಳ್ಳುವುದಿಲ್ಲ, ಮುಚ್ಚಿರುವುದು ಎಲೆ ಎಂದರು. ನಮ್ಮ ಛಾಯಾಗ್ರಾಹಕರಿಗೂ ಬಿಸಿ ಮುಟ್ಟಿಸಿದರು. ಸುಕ್ಕುಗಟ್ಟಿದ ಕೈ, ಹಿಡಿದ ಸೂಜಿ, ಅಷ್ಟೇ ಸಾಕು, ಚೆನ್ನಾಗಿ ಬರುತ್ತದೆ ಎಂದು ಅವರು ಕ್ಯಾಮೆರಾವನ್ನು ಕೈಗಳತ್ತ ಇಳಿಸಿದರೆ, ಅತ್ತೆ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತುಬಿಟ್ಟರು. ಈ ಪುಟದಲ್ಲಿರುವುದು ಮುಖದ ಚಿತ್ರ.

ಈಗ ಅತ್ತೆ ಹಿಡಿದಿರುವ ಹಠದ ವಿಷಯ. ಅಲಮಾರಿಯಷ್ಟು ಎತ್ತರದ ಈ ಹಳೆಯ ಕಂಪ್ಯೂಟರ್ ಬಹಳ ಕಾಲದಿಂದ ಕೆಟ್ಟು ನಿಂತಿತ್ತು. ಮ್ಯೂಸಿಯಮ್ಮಿನ ಎಂಜಿನಿಯರ್ ಒಂದೊಂದೇ ಭಾಗ ಸರಿಮಾಡಿದರು, ನೆನಪಿನ ಹಲಗೆ ಮಾತ್ರ ಅವರ ಕೈಗೆ ಬಗ್ಗಲಿಲ್ಲ. ತಂತಿಗಳು ಕಿಲುಬು ಹಿಡಿದು ತುಂಡಾಗಿದ್ದವು. ಹಳೆಯ ಕಾರ್ಖಾನೆಯವರು ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿಕೊಂಡು ಅವರೇ ಅತ್ತೆಯ ಮನೆ ಬಾಗಿಲಿಗೆ ಬಂದರು. ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಹಲಗೆ ನೋಡಿ, ನಾಳೆಯಿಂದ ಬರುತ್ತೇನೆ ಎಂದರು.

ಅಷ್ಟರಲ್ಲಿ ಮ್ಯೂಸಿಯಮ್ಮಿನ ನಿರ್ದೇಶಕರು ಹೊಸ ವಿಭಾಗದ ಉದ್ಘಾಟನೆಗೆ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿಯಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ. ಹಲಗೆ ಮುಗಿಯದಿದ್ದರೆ ಎಂಬ ಭಯಕ್ಕೆ ಅವರೊಂದು ಉಪಾಯವನ್ನೂ ಮಾಡಿದ್ದರು: ಯಂತ್ರದ ಒಳಗೆ ಈಗಿನ ಕಾಲದ ಸಣ್ಣ ಚಿಪ್ ಅಡಗಿಸಿಟ್ಟು ದೀಪಗಳನ್ನು ಮಿನುಗಿಸುವುದು. ನೋಡುವವರಿಗೆ ಗೊತ್ತಾಗುವುದಿಲ್ಲ. ಕೆಟ್ಟ ಮನುಷ್ಯರೇನಲ್ಲ, ಬಂದ ಮಕ್ಕಳು ಕೆಟ್ಟು ನಿಂತ ಯಂತ್ರ ನೋಡಿ ಆಕಳಿಸುತ್ತಾ ಹೋಗುವುದನ್ನು ಕಂಡು ಬೇಸತ್ತವರು. ಅತ್ತೆಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತ ಹೇಳ್ಕೊಂಡು ಕೂರೋಕೆ ಇದೇನು ಸತ್ತಿದೆಯಾ? ನಾನು ಸತ್ತಿದ್ದೀನಾ?" ಎಂದು ಕೇಳಿದರಂತೆ.

ಹೋದ ತಿಂಗಳು ಮೊದಲ ಪರೀಕ್ಷೆ ನಡೆಯಿತು. ಹಲಗೆ ಸೋತಿತು. ಎಲ್ಲ ಉಂಗುರಗಳ ಮಾತನ್ನೂ, ಅಂದರೆ ಒಂದೋ ಸೊನ್ನೆಯೋ ಎಂಬುದನ್ನು, ಕೇಳಿಸಿಕೊಳ್ಳುವ ಓರೆ ತಂತಿಯೊಂದಿದೆ, ಎಲ್ಲಕ್ಕಿಂತ ಕೊನೆಗೆ ಹೆಣೆಯುವಂಥದು. ಅತ್ತೆಯ ಕಾರ್ಖಾನೆಯ ಹಲಗೆಗಳಲ್ಲಿ ಅದು ಅಂಚಿನ ಉಂಗುರವನ್ನು ಬಿಟ್ಟು ಹಿಂದಕ್ಕೆ ತಿರುಗುತ್ತಿತ್ತು. ಈ ಯಂತ್ರ ಇನ್ನೂ ಹಳೆಯ ಮಾದರಿಯದು, ಇಲ್ಲಿ ಅಂಚಿನದನ್ನೂ ಹಾಯಬೇಕು. ಅತ್ತೆಗೆ ಅದು ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನಡುವೆ ಒಂದು ಕಡೆ ಕೈ ತನ್ನ ಹಳೆಯ ಅಭ್ಯಾಸದಲ್ಲೇ ತಿರುಗಿಬಿಟ್ಟಿತ್ತು. ನಿರ್ದೇಶಕರು ಮೃದುವಾಗಿಯೇ, ವಯಸ್ಸಾಯಿತಲ್ಲಮ್ಮ, ಪರವಾಗಿಲ್ಲ ಎಂದರು. ಎಂಜಿನಿಯರ್ ತಮ್ಮದೇ ಬೆಸುಗೆ ಸರಿಯಿಲ್ಲವೇನೋ ಎಂದು ಅತ್ತೆಯನ್ನು ಉಳಿಸಲು ನೋಡಿದರು. ಅತ್ತೆ ಕುರ್ಚಿಯಿಂದ ಎದ್ದು ನಿಂತರು.

"ನಂದು," ಎಂದರು. "ನೆಲ ಡೊಂಕು ಅನ್ನೋಳಲ್ಲ ನಾನು. ನಂದು ಅಂದಮೇಲೆ ಬಿಚ್ಚೋಳೂ ನಾನೇ. ಅಲ್ಲಿವರೆಗೆ ಆ ಚಿಪ್ಪು ಒಳಗೆ ಹೋಗಬಾರದು."

ಅಂದಿನಿಂದ ದಿನಾ ಬೆಳಗ್ಗೆ ಬಿಚ್ಚಿದರು, ಮತ್ತೆ ಹೆಣೆದರು. ಸಂಜೆ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ರೊಟ್ಟಿ ಹರಿಯಲೂ ಬೆರಳು ಬಗ್ಗುತ್ತಿರಲಿಲ್ಲ ಎಂದು ಸೊಸೆ ಹೇಳುತ್ತಾರೆ. ಸಾಕು ಮಾಡಿ ಅತ್ತೆ ಎಂದು ಒಮ್ಮೆ ಅಂದಿದ್ದಕ್ಕೆ ಮೂರು ದಿನ ಮಾತು ಬಿಟ್ಟರಂತೆ.

ನಾನು ಕೂತಿರುವಾಗಲೇ ಕೊನೆಯ ಸಾಲು ಮುಗಿಯುತ್ತದೆ. ಎಂಜಿನಿಯರ್ ಹಲಗೆಯನ್ನು ಎರಡೂ ಕೈಯಲ್ಲಿ ಒಯ್ದು ಯಂತ್ರಕ್ಕೆ ಕೂರಿಸಿ, ಒಂದೊಂದು ತಂತಿಯನ್ನೂ ಬೆಸೆಯುತ್ತಾರೆ. ಅದು ಮುಗಿಯುವ ಹೊತ್ತಿಗೆ ಬಿಸಿಲೇರಿದೆ, ನಿರ್ದೇಶಕರೂ ಬಂದಿದ್ದಾರೆ. ಪರೀಕ್ಷೆ ಸರಳ. ಯಂತ್ರಕ್ಕೆ ಒಂದು ಸಂಖ್ಯೆ ಕೊಡುತ್ತಾರೆ, ಮುಂಭಾಗದ ದೀಪಗಳು ಅದನ್ನು ತೋರಿಸುತ್ತವೆ. ಆಮೇಲೆ ಕರೆಂಟು ತೆಗೆಯುತ್ತಾರೆ. ದೀಪಗಳೆಲ್ಲ ಆರುತ್ತವೆ. ಈ ಉಂಗುರಗಳ ಹೆಚ್ಚುಗಾರಿಕೆಯೇ ಇದು, ಕರೆಂಟು ಹೋದರೂ ಹೇಳಿದ್ದನ್ನು ಮರೆಯುವುದಿಲ್ಲ. ಹೆಣಿಗೆ ಸರಿಯಿದ್ದರೆ. ನಾವೆಲ್ಲ ಹೊರಗೆ ಹೋಗಿ ಚಹಾ ಕುಡಿಯುತ್ತೇವೆ. ಅತ್ತೆ ಕುಡಿಯುವುದಿಲ್ಲ, ಲೋಟ ಹಿಡಿದು ನಿಂತಿರುತ್ತಾರೆ.

ಒಳಗೆ ಬಂದು ಎಂಜಿನಿಯರ್ ಗುಂಡಿ ಒತ್ತುತ್ತಾರೆ. ಯಂತ್ರ ಗುಂಯ್ ಎನ್ನುತ್ತದೆ. ದೀಪಗಳು ಹತ್ತುತ್ತವೆ. ಅದೇ ಸಂಖ್ಯೆ, ಒಂದು ದೀಪವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಂಜಿನಿಯರ್ ಕಣ್ಣೊರೆಸಿಕೊಳ್ಳುತ್ತಾರೆ.

ನಿರ್ದೇಶಕರಿಗೆ ನಿಜವಾಗಿಯೂ ಖುಷಿ. ಗೆದ್ದುಬಿಟ್ಟಿರಿ ಅಮ್ಮ ಎಂದು ಕೈಮುಗಿಯುತ್ತಾರೆ. ಆಮೇಲೆ ಸ್ವಲ್ಪ ತಡವರಿಸಿ, ಉದ್ಘಾಟನೆಯ ಒಂದು ದಿನ ಮಾತ್ರ ಚಿಪ್ ಇರಲಿ, ದೊಡ್ಡವರ ಮುಂದೆ ಕೆಟ್ಟುಹೋದರೆ ಏನು ಗತಿ ಎನ್ನುತ್ತಾರೆ.

"ಕೆಡಲಿ," ಎನ್ನುತ್ತಾರೆ ಅತ್ತೆ. "ನಾವು ಹೆಣೆದಿದ್ದೂ ಕೆಡ್ತಿತ್ತು, ಬಿಚ್ಚಿ ಮತ್ತೆ ಹೆಣೀತಿದ್ವಿ. ಇಷ್ಟೆಲ್ಲ ಕಂಪ್ಯೂಟರು ಬಂದಿದ್ದು ಹಾಗೇನೇ. ಚಿಪ್ಪು ಇಡೋದೇ ಆದ್ರೆ ನನ್ನ ಹಲಗೆ ಬಿಚ್ಚಿ ಕೊಟ್ಬಿಡಿ, ಮನೆಗೆ ತಗೊಂಡು ಹೋಗ್ತೀನಿ."

ನಿರ್ದೇಶಕರು ಎಂಜಿನಿಯರ್ ಕಡೆ ನೋಡುತ್ತಾರೆ. ಎಂಜಿನಿಯರ್ ಚಿಪ್ಪಿನ ಪುಟ್ಟ ಡಬ್ಬಿಯನ್ನು ತಂದು ನಿರ್ದೇಶಕರ ಅಂಗೈಯಲ್ಲಿಡುತ್ತಾರೆ. ಅದನ್ನು ಒಂದು ಗಳಿಗೆ ನೋಡಿ, ಅವರು ಕೋಟಿನ ಜೇಬಿಗೆ ಇಳಿಸುತ್ತಾರೆ. ಆಗಲಿ ಅಮ್ಮ, ನಿಮ್ಮದೇ ಇರಲಿ, ಆ ದಿನ ಮೊದಲ ಸಾಲಿನಲ್ಲಿ ಕೂರಬೇಕು ನೀವು ಎನ್ನುತ್ತಾರೆ.

ಅತ್ತೆ ಸೂಜಿಗಳನ್ನು ಒಂದೊಂದಾಗಿ ಬಟ್ಟೆಗೆ ಚುಚ್ಚಿ ಸುತ್ತುತ್ತಿದ್ದಾರೆ.

"ಮೊದಲ ಸಾಲು ಬೇಡ. ಯಂತ್ರದ ಪಕ್ಕ ಒಂದು ಕುರ್ಚಿ ಹಾಕಿಸಿ. ಕೆಟ್ಟರೆ ಸರಿ ಮಾಡೋಕೆ ಹತ್ತಿರ. ಕೆಡದೇ ಇದ್ರೆ, ಯಾರು ಮಾಡಿದ್ದು ಅಂತ ಕೇಳಿದವರಿಗೆ ಹೇಳೋಕೂ ಹತ್ತಿರ."